ಒಪ್ಪಂದದ ಅಧ್ಯಾಯ, ಸಂಬಳದ ಚೀಟಿ

ಊರ್ಡಿಗೆರೆಯ ಬಸ್ ನಿಲ್ದಾಣದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬಳು ನಮ್ಮನ್ನು ಕೇಳಿದಳು: “ಅಯ್ಯನವರೇ, ನಾವು ಹೊಲಿದ ಬಟ್ಟೆಗೆ ಇನ್ನು ಇಂಗ್ಲೆಂಡಿನಲ್ಲಿ ಸುಂಕ ಇರೋದಿಲ್ಲವಂತೆ. ಆ ಒಪ್ಪಂದದಲ್ಲಿ ನಮ್ಮ ಮಾತು ಏನಾದರೂ ಇದೆಯಾ?”

ಇದೆ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಕಾರ್ಮಿಕರ ಕುರಿತೇ ಒಂದು ಅಧ್ಯಾಯವುಂಟು. ಇದು ಸಣ್ಣ ಬದಲಾವಣೆಯಲ್ಲ. 1996ರಲ್ಲಿ ಸಿಂಗಪುರದಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ಸಮ್ಮೇಳನ ನಡೆದಾಗ, ವ್ಯಾಪಾರಕ್ಕೆ ಕಾರ್ಮಿಕ ನಿಯಮಗಳ ಷರತ್ತನ್ನು ಜೋಡಿಸುವುದನ್ನು ಭಾರತ ಬಲವಾಗಿ ವಿರೋಧಿಸಿತ್ತು. ಶ್ರಮಿಕರ ಹೆಸರಿನಲ್ಲಿ ಶ್ರೀಮಂತ ದೇಶಗಳು ನಮ್ಮ ಸರಕಿಗೆ ಬಾಗಿಲು ಮುಚ್ಚಿಯಾವೆಂಬ ಆ ಶಂಕೆಯಲ್ಲಿ ಹುರುಳಿಲ್ಲದಿರಲಿಲ್ಲ.

ಆದರೆ ಈ ಅಧ್ಯಾಯವು ಒಪ್ಪಂದದ ವಿವಾದ ಇತ್ಯರ್ಥ ಕ್ರಮಕ್ಕೆ ಒಳಪಟ್ಟಿಲ್ಲ. ಮಾತು ತಪ್ಪಿದರೆ ಸಮಾಲೋಚನೆಯುಂಟು, ದಂಡನೆಯಿಲ್ಲ. 2020ರಲ್ಲಿ ಜಾರಿಗೆ ಬಂದ ಅಮೆರಿಕ, ಮೆಕ್ಸಿಕೊ, ಕೆನಡಾಗಳ ಒಪ್ಪಂದವಾದರೋ, ಸಂಘ ಕಟ್ಟುವ ಹಕ್ಕನ್ನು ನಿರಾಕರಿಸಿದ ಕಾರ್ಖಾನೆಯೊಂದರ ಸರಕಿಗೇ ಸುಂಕದ ರಿಯಾಯಿತಿಯನ್ನು ತಡೆಯಬಲ್ಲುದು.

ಬರಹದಲ್ಲಿದ್ದ ಹಕ್ಕು ಕೈಗೆ ಬಾರದ ನಿದರ್ಶನ ನಮ್ಮ ನಾಡಿನಲ್ಲಿಯೇ ಇದೆ. 2020ರ ಏಪ್ರಿಲ್‌ನಿಂದ ಸಲ್ಲಬೇಕಾಗಿದ್ದ ತುಟ್ಟಿಭತ್ಯೆಯ ಹೆಚ್ಚಳ ತಿಂಗಳಿಗೆ ಸುಮಾರು 417 ರೂಪಾಯಿ. ಸರ್ಕಾರ ಅದನ್ನು ಮುಂದೂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಬಾಕಿಸಹಿತ ಕೊಡಬೇಕೆಂದು ಆದೇಶಿಸಿತು. ಆದರೂ ರಾಜ್ಯದ ನಾಲ್ಕು ಲಕ್ಷಕ್ಕೂ ಮಿಗಿಲಾದ ಸಿದ್ಧ ಉಡುಪು ಕಾರ್ಮಿಕರಲ್ಲಿ ಬಹುಪಾಲು ಜನರಿಗೆ ಅದು ವರ್ಷಕ್ಕೂ ಹೆಚ್ಚು ಕಾಲ ತಲುಪಲಿಲ್ಲ. ಸಂಘಗಳು ಬಿಡದೆ ಕೇಳಿದವು. ಸುದ್ದಿ ಕಡಲಾಚೆಗೆ ಹಬ್ಬಿತು. ಬಟ್ಟೆ ಕೊಳ್ಳುವ ವಿದೇಶೀ ಕಂಪನಿಗಳ ಮೇಲೆ ಒತ್ತಡ ಬಿದ್ದಿತು. ಆ ಬಳಿಕವೇ ಬಾಕಿ ಕೈಸೇರತೊಡಗಿತು.

ಕಾನೂನಿತ್ತು, ತೀರ್ಪಿತ್ತು, ಅವೆರಡಕ್ಕೂ ಜೀವ ಬಂದದ್ದು ಕೇಳುವವರು ಇದ್ದುದರಿಂದ. ಒಪ್ಪಂದದ ಅಧ್ಯಾಯಕ್ಕೂ ಇದೇ ಮಾತು ಸಲ್ಲುತ್ತದೆ.

ಆಕೆಗೆ ನಾವು ಇಷ್ಟೇ ಹೇಳಿದೆವು: “ಮಾತು ಇದೆ ತಾಯಿ, ಬಲ ಇಲ್ಲ. ಬಲ ನಿಮ್ಮಿಂದಲೇ ಬರಬೇಕು.” ಆಕೆ ನಕ್ಕು, “ಸಂಘಕ್ಕೆ ಸೇರಬೇಕೆಂದರೆ ಮನೆಯಲ್ಲಿ ಅಪ್ಪ ಒಪ್ಪೋದಿಲ್ಲ” ಎಂದಳು.

ಆ ಮಾತು ನಮ್ಮನ್ನು ಇರಿಯಿತು. ಕಾಯಕವನ್ನು ಕೊಂಡಾಡುವ ನಮ್ಮ ಮನೆಗಳಲ್ಲಿ, ಮಗಳು ತರುವ ಸಂಬಳ ಬೇಕು, ಅದರ ನ್ಯಾಯವನ್ನು ಕೇಳುವ ಆಕೆಯ ಧ್ವನಿ ಬೇಡವೆ? ಓದುಗ ಬಂಧುಗಳೇ, ಈ ತಿಂಗಳು ಮಗಳ ಸಂಬಳದ ಚೀಟಿಯನ್ನು ಆಕೆಯೊಡನೆ ಕುಳಿತು ಓದಿರಿ. ಆಕೆ ಸಂಘದ ಸಭೆಗೆ ಹೊರಟರೆ ತಡೆಯದಿರಿ.