ಸ್ಪ್ರಿಂಗ್ ಕತ್ತರಿಸಿದರೆ ಕಾರು ರಸ್ತೆ ಹಿಡಿಯುತ್ತಾ?

ಮಂಗಳೂರಿನಿಂದ ಆದೋನಿಗೆ ವ್ಯಾಪಾರಕ್ಕೆಂದು ಕಾರಿನಲ್ಲಿ ಹೊರಟವರಿಗೆ ಒಂದೇ ದಿನ ಎರಡು ಥರದ ರಸ್ತೆ ಸಿಗುತ್ತದೆ. ಬೆಳಗ್ಗೆ ಚಾರ್ಮಾಡಿಯ ತಿರುವು, ಸಂಜೆ ಬಳ್ಳಾರಿ ದಾಟಿದ ಮೇಲೆ ಎರೆಭೂಮಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅಡಿಯ ನೆಲವೇ ಹೀಗೆ ಆಡಿದರೆ ಮೇಲಿನ ಡಾಂಬರು ಅಲೆ ಅಲೆಯಾಗದೆ ಇನ್ನೇನಾಗುತ್ತೆ? ಆದೋನಿ, ಆಲೂರು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಗಡಿಯ ಎರಡೂ ಕಡೆ ಅದೇ ಮಣ್ಣು. ಹೊಳಗುಂದ, ಕೋಸಿಗಿ ಕಡೆಯ ಕಿರಿದಾದ ಹಳ್ಳಿ ರಸ್ತೆಯಲ್ಲಿ ಹತ್ತಿ ತುಂಬಿದ ಲಾರಿ ಎದುರು ಬಂದರೆ ಕಾರಿನ ಎಡಗಡೆಯ ಚಕ್ರಗಳನ್ನು ಮಣ್ಣಿಗೆ ಇಳಿಸಲೇಬೇಕು.

ಇಂಥ ರಸ್ತೆಗೆ ಕಾರು ಸಿದ್ಧ ಮಾಡುತ್ತೇವೆಂದು ಯುವಕರು ಮೊದಲು ಕೈ ಹಾಕುವುದು ಸ್ಪ್ರಿಂಗಿಗೆ. ಕೆಲವರು ಕತ್ತರಿಸಿ ಕಾರನ್ನು ತಗ್ಗಿಸುತ್ತಾರೆ, ಕೆಲವರು ಸ್ಪೇಸರ್ ಇಟ್ಟು ಎತ್ತರಿಸುತ್ತಾರೆ. ಎರಡೂ ಹೆಚ್ಚಾಗಿ ದುಡ್ಡು ದಂಡ. ಸ್ಪ್ರಿಂಗ್ ಭಾರ ಹೊರುತ್ತದೆ. ಅದರ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಕತ್ತರಿಸಿದ ಸ್ಪ್ರಿಂಗ್ ಬಿರುಸಾಗುತ್ತದೆ, ಅಲೆ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಹಾರುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಎತ್ತರಿಸಿದ ಕಾರು ತಿರುವಿನಲ್ಲಿ ಹೆಚ್ಚು ವಾಲುತ್ತದೆ.

ಅದೇ ಹಣದಲ್ಲಿ ಆಗುವ ಕೆಲಸ ಬೇರೆ ಇದೆ. ಕಾರಿನ ಒಂದು ಮೂಲೆಯನ್ನು ಒತ್ತಿ ಬಿಡಿ. ಒಂದೆರಡು ಸಲಕ್ಕೆ ನಿಲ್ಲದೆ ಕುಣಿಯುತ್ತಿದ್ದರೆ ಅಥವಾ ಶಾಕ್‌ನ ಮೈಮೇಲೆ ಆಯಿಲ್ ಒಸರಿದ್ದರೆ ಬದಲಾಯಿಸಿ, ಅದೂ ಜೋಡಿಯಾಗಿ. ಲೋವರ್ ಆರ್ಮ್‌ನ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್ ಸವೆದಿದ್ದರೆ ಯಾವ ದುಬಾರಿ ಸ್ಪ್ರಿಂಗ್ ಹಾಕಿದರೂ ಪ್ರಯೋಜನವಿಲ್ಲ. ಇವು ಮುಗಿದ ಮೇಲೆ ಅಲೈನ್‌ಮೆಂಟ್. ಟೈರಿನ ಬದಿಯ ಕೊನೆಯ ನಾಲ್ಕು ಅಂಕಿ ಓದಲು ಗೊತ್ತಿರಲಿ: 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಎಷ್ಟೇ ಆಳ ಉಳಿದಿದ್ದರೂ ರಬ್ಬರ್ ಗಟ್ಟಿಯಾದ ಹಳೇ ಟೈರು ಚಾರ್ಮಾಡಿಯ ಮಳೆಯಲ್ಲಿ ಜಾರುತ್ತದೆ.

ಭಾರದ ವಿಷಯವನ್ನು ವ್ಯಾಪಾರಸ್ಥರು ಗಂಭೀರವಾಗಿ ತೆಗೆದುಕೊಳ್ಳಬೇಕು. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ಲಾರಿ ಯಲ್ಲಾಪುರ ತಾಲೂಕಿನ ಘಾಟಿಯಲ್ಲಿ ಕಂದಕಕ್ಕೆ ಬಿದ್ದು 10 ಮಂದಿ ತೀರಿಕೊಂಡರು. ಹಣ್ಣು ತರಕಾರಿಯ ಲೋಡಿನ ಜೊತೆಗೇ ವ್ಯಾಪಾರಿಗಳೂ ಕೂತಿದ್ದರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಚಾಲಕ ಎಡಕ್ಕೆ ತಿರುಗಿಸಿದ ಎಂದು ಪೊಲೀಸರು ಹೇಳಿದ್ದರು. ಅದರ ಹಿಂದಿನ ರಾತ್ರಿಯಷ್ಟೇ ಮಂತ್ರಾಲಯದ ಪಾಠಶಾಲೆಯ ವಿದ್ಯಾರ್ಥಿಗಳಿದ್ದ ವಾಹನ ಸಿಂಧನೂರು ಬಳಿ ಮಗುಚಿ ಮೂವರು ವಿದ್ಯಾರ್ಥಿಗಳೂ ಚಾಲಕನೂ ಸತ್ತಿದ್ದರು. ಭಾರ ಮೇಲೆ ಹೋದಷ್ಟೂ ವಾಹನ ಬೇಗ ಮಗುಚುತ್ತದೆ. ಕಾರಿನ ಕ್ಯಾರಿಯರ್ ಮೇಲೆ ಮೂಟೆ ಕಟ್ಟುವವರಿಗೂ ಇದೇ ಲೆಕ್ಕ. ಇನ್ನೊಂದು ಲೆಕ್ಕ ವೇಗದ್ದು: ಒಂದೇ ತಿರುವನ್ನು 40ರ ಬದಲು 60ರಲ್ಲಿ ತೆಗೆದುಕೊಂಡರೆ ಹೊರಕ್ಕೆ ಎಳೆಯುವ ಬಲ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು.

ಕಾನೂನೂ ಇದೆ. ತಯಾರಕರ ಮೂಲ ನಮೂನೆಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ಮೋಟಾರು ವಾಹನ ತಿದ್ದುಪಡಿಯಲ್ಲಿ ಅಕ್ರಮ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಅಪಘಾತವಾದರೆ ತಿಳಿಸದೆ ಮಾಡಿಸಿದ ಬದಲಾವಣೆಯನ್ನು ತೋರಿಸಿ ವಿಮೆಯವರು ಕ್ಲೇಮ್‌ಗೆ ತಕರಾರು ತೆಗೆಯಬಹುದು. ರೀಲ್ಸ್ ನೋಡಿ ಗ್ಯಾರೇಜಿಗೆ ಹೋಗುವವರು ಪಾಲಿಸಿಯನ್ನೂ ಒಮ್ಮೆ ಓದಲಿ.

ಹಾಗಂತ ತಪ್ಪೆಲ್ಲ ಕಾರಿನವರದ್ದಲ್ಲ. ಡಾಂಬರಿನ ಅಂಚಿಗೂ ಪಕ್ಕದ ಮಣ್ಣಿಗೂ ಅರ್ಧ ಅಡಿ ಇಳಿವು ಬಿಟ್ಟರೆ ಒಳ್ಳೇ ಟೈರೂ ಅಲ್ಲಿ ತಡವರಿಸುತ್ತದೆ. ಒದ್ದೆ ಎರೆಮಣ್ಣಾದರೆ ಕೇಳುವುದೇ ಬೇಡ. ಇಳಿದ ಚಕ್ರವನ್ನು ಗಾಬರಿಯಲ್ಲಿ ಒಮ್ಮೆಲೇ ಮೇಲೆಳೆದರೆ ಕಾರು ಎದುರಿನ ಲಾರಿಯ ಕಡೆಗೇ ನುಗ್ಗುತ್ತದೆ. ವೇಗ ಇಳಿಸಿ, ನಿಧಾನ ಹತ್ತಿಸಬೇಕು. ಊರಿನ ರಸ್ತೆಗೆ ಹೊಸ ಡಾಂಬರು ಹಾಕುವಾಗ ಅಂಚಿಗೆ ಗರಸು ತುಂಬುವ ಕೆಲಸವೂ ಟೆಂಡರಿನಲ್ಲಿ ಇದೆಯಾ ಎಂದು ಪಂಚಾಯಿತಿ ಸದಸ್ಯರನ್ನು ಆಗಲೇ ಕೇಳಬೇಕು, ಬಿಲ್ ಪಾಸಾದ ಮೇಲಲ್ಲ.