ಅಗ್ಗದ ವಿಮಾನದ ನಿಜವಾದ ಬೆಲೆ

ಯುರೋಪಿನಲ್ಲಿ ವಿಮಾನವೇ ಅಗ್ಗ, ರೈಲು ದುಬಾರಿ ಎಂದು ಪ್ರವಾಸ ಮುಗಿಸಿ ಬಂದವರು ಹೇಳುವುದುಂಟು. ಟಿಕೆಟ್ಟಿನ ಮೇಲಿನ ಅಂಕಿ ಸುಳ್ಳಲ್ಲ. ಆದರೆ ಅದು ಲೆಕ್ಕದ ಒಂದು ಪುಟ ಮಾತ್ರ.

ಈ ಅಗ್ಗತನವು ಕೇವಲ ದಕ್ಷತೆಯ ಫಲವಲ್ಲ. ಐರೋಪ್ಯ ಒಕ್ಕೂಟದ 2003ರ ಶಕ್ತಿ ತೆರಿಗೆ ನಿರ್ದೇಶನವು ವಾಣಿಜ್ಯ ವಿಮಾನಗಳ ಇಂಧನಕ್ಕೆ ವಿನಾಯಿತಿ ನೀಡಿತು. ದೇಶದಿಂದ ದೇಶಕ್ಕೆ ಹಾರುವ ಟಿಕೆಟ್ಟಿಗೆ ಮೌಲ್ಯವರ್ಧಿತ ತೆರಿಗೆಯೂ ಇಲ್ಲ. ರೈಲಾದರೋ ಹಳಿಯ ಬಳಕೆಗೆ ಶುಲ್ಕ ತೆರಬೇಕು. ಹಲವು ದೇಶಗಳಲ್ಲಿ ವಿದ್ಯುತ್ತಿನ ಮೇಲೆ ತೆರಿಗೆಯನ್ನೂ ತೆರಬೇಕು. ತಕ್ಕಡಿಯ ಒಂದು ತಟ್ಟೆಯನ್ನು ಆಳುವವರೇ ಒತ್ತಿಹಿಡಿದು, ಗೆದ್ದವನ ಜಾಣ್ಮೆಯನ್ನು ಕೊಂಡಾಡುವುದು ಎಂತಹ ವ್ಯಾಪಾರನೀತಿ?

ಪ್ಯಾರಿಸ್ಸಿನ ಹೆಸರು ಹೊತ್ತ ಬೊವೆ ವಿಮಾನ ನಿಲ್ದಾಣವು ನಗರದಿಂದ ಸುಮಾರು 80 ಕಿ.ಮೀ. ದೂರ. ಅಲ್ಲಿಂದ ಬಸ್ಸಿನ ದರ, ಸಾಮಾನಿನ ಶುಲ್ಕ, ಕಾಯುವ ಗಂಟೆಗಳು — ಇವನ್ನು ಕೂಡಿಸಿದವರೆಷ್ಟು ಮಂದಿ? ಪ್ರಯಾಣಿಕನೊಬ್ಬನ ಲೆಕ್ಕದಲ್ಲಿ ವಿದ್ಯುತ್ ರೈಲಿನಿಂದ ಹೊಮ್ಮುವ ಇಂಗಾಲವೂ ವಿಮಾನಕ್ಕಿಂತ ಬಹಳ ಕಡಿಮೆ. ಆ ಹೊಗೆಯ ಬೆಲೆಯನ್ನು ತೆರುವವರು ಮುಂದಿನವರು.

ಬಡವನಿಗೂ ಹಾರುವ ಭಾಗ್ಯ ಬಂದಿತಲ್ಲ ಎನ್ನುವವರಿದ್ದಾರೆ. ಬಡವನ ಮೇಲೆ ಅಷ್ಟು ಕನಿಕರವಿದ್ದರೆ ಅದೇ ವಿನಾಯಿತಿಯನ್ನು ರೈಲಿಗೇಕೆ ಕೊಡಬಾರದು?

ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಕೆಲವು ಒಳನಾಡ ವಿಮಾನಮಾರ್ಗಗಳನ್ನು ಫ್ರಾನ್ಸ್ 2023ರಲ್ಲಿ ನಿಷೇಧಿಸಿತು. ಇದು ಸ್ತುತ್ಯವೇ ಸರಿ, ಆದರೆ ಸಾಲದು. ಮೊದಲು ತೆರಿಗೆಯ ತಕ್ಕಡಿ ನೇರವಾಗಲಿ. ಆಮೇಲೆ ಯಾವುದು ಅಗ್ಗವೆಂದು ತೂಗಿ ನೋಡೋಣ.