ಬಸ್‌ಸ್ಟ್ಯಾಂಡ್ ಹೋದರೆ ದಾರಿಯನ್ನಾದರೂ ಹೇಳಿ

ಮಂಗಳೂರಿನ ಹಂಪನಕಟ್ಟೆಯಲ್ಲಿ ಒಂದು ಕಾಲಕ್ಕೆ ಬಸ್‌ಸ್ಟ್ಯಾಂಡ್ ಇತ್ತು. ಆಮೇಲೆ ಅದು ಸ್ಟೇಟ್‌ಬ್ಯಾಂಕ್ ಹತ್ತಿರಕ್ಕೆ ಹೋಯಿತು. ಹಳೇ ಜಾಗದಲ್ಲಿ ನಿಂತು ಕೇಳಿದರೆ ಅಂಗಡಿಯವರು, "ಇಲ್ಲಲ್ಲ ಮಾರಾಯ್ರೆ, ಸ್ಟೇಟ್‌ಬ್ಯಾಂಕಿಗೆ ಹೋಗಿ" ಎನ್ನುತ್ತಾರೆ. "ಬಸ್‌ಸ್ಟ್ಯಾಂಡೇ ಇಲ್ಲ" ಎಂದು ಯಾರೂ ಹೇಳುವುದಿಲ್ಲ.

ನಮ್ಮ ವೆಬ್‌ಸೈಟುಗಳು ಹೇಳುವುದು ಅದನ್ನೇ. ವಾಟ್ಸ್ಆ್ಯಪ್‌ನಲ್ಲಿ ಉಳಿಸಿಟ್ಟ ಹಳೇ ಲಿಂಕ್ ಒತ್ತಿ ನೋಡಿ: 404, ಪುಟ ಸಿಗಲಿಲ್ಲ.

ನಾವು ಬರೆದ ಕುಡಿಯುವ ನೀರಿನ ಸುದ್ದಿಯೊಂದರ ಲಿಂಕನ್ನು ಊರಿನವರು ಅರ್ಜಿಯಲ್ಲಿ ಬರೆದಿದ್ದರು. ಅಷ್ಟರಲ್ಲಿ ಪತ್ರಿಕೆ ವೆಬ್‌ಸೈಟ್ ಬದಲಿಸಿತು. "ಎಲ್ಲಿದೆ ನಿಮ್ಮ ಸುದ್ದಿ?" ಎಂದು ಕಚೇರಿಯಲ್ಲಿ ಕೇಳಿದಾಗ ತೋರಿಸಲು ಏನೂ ಇರಲಿಲ್ಲ. ಸುದ್ದಿ ಅಳಿದಿರಲಿಲ್ಲ, ಬೇರೆ ವಿಳಾಸದಲ್ಲಿ ಇತ್ತು. ನಾವು ವಿಚಾರಿಸಿದರೆ ಬಂದ ಉತ್ತರ: "ಟೆಕ್ನಿಕಲ್ ಸಮಸ್ಯೆ, ಏನೂ ಮಾಡ್ಲಿಕ್ಕಾಗುದಿಲ್ಲ."

ಇದು ಸುಳ್ಳು. ಅಪಾಚೆ ಎಂಬ ಉಚಿತ ಸರ್ವರ್ ತಂತ್ರಾಂಶದಲ್ಲಿ ಇದಕ್ಕೆಂದೇ ಮಾಡ್-ರೀರೈಟ್ ಎಂಬ ಭಾಗವಿದೆ. ರಾಲ್ಫ್ ಎಂಗೆಲ್‌ಶಾಲ್ ಅದನ್ನು ಬರೆದದ್ದು 1996ರಲ್ಲಿ. ಬಂದ ವಿಳಾಸವನ್ನು ಅದು ಹೊಸ ವಿಳಾಸಕ್ಕೆ ತಿರುಗಿಸುತ್ತದೆ.

ಹಳೇ ಲಿಂಕುಗಳು ಸಾವಿರಾರು ಇದ್ದು ಒಂದೇ ನಿಯಮಕ್ಕೆ ಸಿಗದಿದ್ದರೆ? ಹೊರಗಿನ ಸ್ಕ್ರಿಪ್ಟನ್ನು ಜೋಡಿಸಬಹುದು. ಸರ್ವರ್ ಶುರುವಾಗುವಾಗ ಸ್ಕ್ರಿಪ್ಟ್ ಒಮ್ಮೆ ಎದ್ದು ಕೂರುತ್ತದೆ. ಸರ್ವರ್ ಹಳೇ ವಿಳಾಸವನ್ನು ಒಂದು ಸಾಲಿನಲ್ಲಿ ಕೇಳುತ್ತದೆ, ಸ್ಕ್ರಿಪ್ಟ್ ಹೊಸದನ್ನು ಒಂದು ಸಾಲಿನಲ್ಲಿ ಹೇಳುತ್ತದೆ. ಗೊತ್ತಿಲ್ಲದಿದ್ದರೆ 'ನಲ್' ಎನ್ನುತ್ತದೆ. ನಿಯಮದಲ್ಲಿ 301 ಎಂದು ಬರೆದಿದ್ದರೆ ನಿಮ್ಮ ಫೋನಿಗೆ 'ಕಾಯಂ ಆಗಿ ಸ್ಥಳ ಬದಲಾಗಿದೆ, ಇಲ್ಲಿಗೆ ಬನ್ನಿ' ಎಂಬ ಸೂಚನೆ ಬರುತ್ತದೆ. ಹಂಪನಕಟ್ಟೆಯ ಅಂಗಡಿಯವರು ಮಾಡುವುದೂ ಇದನ್ನೇ.

ಸ್ಕ್ರಿಪ್ಟ್ ನಿಂತುಬಿಟ್ಟರೆ ಸೈಟೇ ನಿಲ್ಲುತ್ತದೆ ಎಂಬ ತಕರಾರು ನಿಜ. ದಾರಿ ಹೇಳುವವನು ಒಬ್ಬನೇ, ಅವನು ಬಾಯಿ ಬಿಡದಿದ್ದರೆ ಹಿಂದೆ ಸಾಲು ಬೆಳೆಯುತ್ತದೆ. ಅದಕ್ಕೇ ಸ್ಕ್ರಿಪ್ಟ್ ಚಿಕ್ಕದಿರಬೇಕು, ಉತ್ತರವನ್ನು ಹಿಡಿದಿಟ್ಟುಕೊಳ್ಳದೆ ಕೂಡಲೇ ಕೊಡಬೇಕು. ಅಷ್ಟೂ ಭಯವೇ? ಸ್ಕ್ರಿಪ್ಟ್ ಬೇಡ. ಹಳೇ ವಿಳಾಸ, ಹೊಸ ವಿಳಾಸ ಎಂದು ಒಂದು ಫೈಲಿನಲ್ಲಿ ಪಟ್ಟಿ ಮಾಡಿಡಿ. ಅಪಾಚೆ ಅದನ್ನೂ ಓದುತ್ತದೆ.

ಇನ್ನು ಕೆಲವರು ಎಲ್ಲ ಹಳೇ ಲಿಂಕುಗಳನ್ನೂ ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಳ್ಳುತ್ತಾರೆ. ಪುತ್ತೂರು ಬಸ್ ಎಲ್ಲಿ ಎಂದು ಕೇಳಿದವರಿಗೆ "ಮಂಗಳೂರಿನಲ್ಲಿ" ಎಂದು ಹೇಳಿದ ಹಾಗಾಯಿತು.

1843ರ ಜುಲೈ 1ರಂದು ಇದೇ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರು ಸಮಾಚಾರ' ಹೊರಡಿಸಿದರು. ಕನ್ನಡದ ಆ ಮೊದಲ ಪತ್ರಿಕೆಯ ಪ್ರತಿಗಳು ಇಂದಿಗೂ ಉಳಿದಿವೆ. ಪ್ರತಿ ವರ್ಷ ಆ ದಿನ ಪತ್ರಿಕಾ ದಿನಾಚರಣೆ ಮಾಡಿ ಹಾರ ಹಾಕಿಸಿಕೊಳ್ಳುವ ನಾವು, ಮೊನ್ನೆ ಮೊನ್ನೆಯ ಸುದ್ದಿಯನ್ನೇ ಕಳೆಯುತ್ತಿದ್ದೇವೆ.

ಸೈಟ್ ಚಂದ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಹೊಸ ಸೈಟಿಗೆ ಬಿಲ್ ಪಾಸು ಮಾಡುವ ಮೊದಲು ಹತ್ತು ಹಳೇ ಲಿಂಕ್ ಒತ್ತಿ ನೋಡಿ. ಒಂದು ತೆರೆಯದಿದ್ದರೂ ಕೆಲಸ ಮುಗಿದಿಲ್ಲ. ಓದುಗರೇ, ಸತ್ತ ಲಿಂಕ್ ಕಂಡರೆ ಸುಮ್ಮನಿರಬೇಡಿ. ಹಳೇ ವಿಳಾಸ ಬರೆದು ಕಳಿಸಿ, ಹೊಸದು ಎಲ್ಲಿ ಎಂದು ಕೇಳಿ.